ಹಿಂಬದಿ ಗೇಟು: ಒಂದು ಪಂಚಾಯಿತಿ, ಒಂದು ಬ್ರಾಂದಿ ಅಂಗಡಿ

ಪಂಚಾಯಿತಿ ಸದಸ್ಯರ ತರಬೇತಿಗೆ ಹೋದಾಗಲೆಲ್ಲ ನಾನು ಈ ಪ್ರಕರಣ ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಅದಕ್ಕೆ ಬಣ್ಣ ಹತ್ತಿಬಿಟ್ಟಿದೆ. ಹಾಗಾಗಿ ಒಮ್ಮೆ ಬರೆದಿಡೋಣ ಅನ್ನಿಸಿತು. ಊರು ಮಂಡ್ಯ ಜಿಲ್ಲೆಯದು. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ಇಷ್ಟು ಸಾಕು, ತಾಲ್ಲೂಕು ಹೇಳಿದರೆ ಅಂಗಡಿ ಯಾರದೆಂದು ಗೊತ್ತಾಗಿಬಿಡುತ್ತದೆ. ಜನರನ್ನು ಹುದ್ದೆಯಿಂದಲೇ ಕರೆದಿದ್ದೇನೆ, ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಹೆದ್ದಾರಿಯಿಂದ ಊರಿನೊಳಕ್ಕೆ

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಕೂಡದು. ಕುಡಿದು ಗಾಡಿ ಓಡಿಸುವುದನ್ನು ತಡೆಯಲು ಕೊಟ್ಟ ಆದೇಶ ಅದು. 2017ರ ಮಾರ್ಚ್ 31ರಂದು ಕೋರ್ಟು ಅದನ್ನು ಸ್ವಲ್ಪ ಸಡಿಲಿಸಿತು. 20,000 ಮತ್ತು ಅದಕ್ಕಿಂತ ಕಡಿಮೆ ಜನ ಇರುವ ಕಡೆ 220 ಮೀಟರ್ ಸಾಕು ಎಂದಿತು. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೀಗಾಗಿ ಹೆದ್ದಾರಿ ಬದಿಯ ಅಂಗಡಿಗಳಿಗೆ 2017ರ ಜೂನ್ 30 ಗಡುವಾಯಿತು.

ಅಂಗಡಿ ಒಂದು ಕಡೆಯಿಂದ ಎದ್ದರೆ ಇನ್ನೊಂದು ಕಡೆ ಕೂರಲೇಬೇಕಲ್ಲ. ಲೈಸೆನ್ಸ್ ಇತ್ತು, ಜಾಗ ಹೋಗಿತ್ತು. ಆ ಬೇಸಿಗೆಯಲ್ಲಿ ಹೆದ್ದಾರಿ ಪಕ್ಕದ ಊರುಗಳಿಗೆ ಅಪರಿಚಿತ ಕಾರುಗಳು ಬಂದು ಖಾಲಿ ಶೆಡ್ಡು ವಿಚಾರಿಸುತ್ತಿದ್ದವು.

ಈ ಊರಿನಲ್ಲಿ ಒಂದು ಹಳೆ ಆಲೆಮನೆ ಇತ್ತು. ಬೆಲ್ಲ ಕಾಯಿಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಒಂದು ವಾರದಲ್ಲಿ ಅದಕ್ಕೆ ರೋಲಿಂಗ್ ಶಟರ್ ಬಂತು, ಬಣ್ಣ ಬಂತು, ಶಟರ್ ಹಿಂದೆ ಕಬ್ಬಿಣದ ಜಾಲರಿ ಬಂತು. ಜಾಲರಿಯ ನಡುವೆ ಒಂದು ಕೈ ತೂರುವಷ್ಟು ಕಿಂಡಿ. ಸ್ತ್ರೀಶಕ್ತಿ ಸಂಘದ ಹೆಂಗಸೊಬ್ಬರು ಹುಲ್ಲಿನ ಹೊರೆ ಹೊತ್ತು ಹೋಗುವಾಗ ಆ ಕಿಂಡಿ ನೋಡಿ, "ಇದು ಗೊಬ್ಬರದ ಅಂಗಡಿ ಅಲ್ಲ ಕಣ್ರವ್ವಾ" ಅಂದರಂತೆ. ಊರಿಗೆ ವಿಷಯ ಗೊತ್ತಾಗಿದ್ದು ಹೀಗೆ. ನೋಟಿಸು ಗೀಟಿಸು ಏನೂ ಬಂದಿರಲಿಲ್ಲ.

ಆಲೆಮನೆ ಪಕ್ಕದ ಓಣಿ ಹಿಡಿದರೆ ಸರ್ಕಾರಿ ಶಾಲೆ. ಅದೇ ಕಾಂಪೌಂಡಿನಲ್ಲಿ ಅಂಗನವಾಡಿ.

ನಾನು ಬರೆದ ನಿರ್ಣಯ

ಗ್ರಾಮಸಭೆ ಕರೆದರು. ಅಷ್ಟು ಜನ ಸೇರಿದ ಗ್ರಾಮಸಭೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಅಧ್ಯಕ್ಷೆ ಮೊದಲ ಸಲ ಗೆದ್ದವರು, ರೇಷ್ಮೆ ಸಾಕುವ ಮನೆಯವರು. ಮೈಕು ಹಿಡಿದು ಒಂದೇ ಮಾತು ಹೇಳಿ ಕೂತರು: "ಬೇಡ ಅಂದ್ರೆ ಬೇಡ."

ನಿರ್ಣಯದ ಕರಡು ಬರೆದುಕೊಟ್ಟವನು ನಾನು. "ಈ ಪಂಚಾಯಿತಿ ವ್ಯಾಪ್ತಿಯಲ್ಲಿ ಮದ್ಯ ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ" ಅಂತ ಬರೆದೆ. ಸಂವಿಧಾನದ 47ನೇ ವಿಧಿಯನ್ನೂ ಸೇರಿಸಿದೆ. ಅಮಲು ಪದಾರ್ಥಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುವ ವಿಧಿ ಅದು. ಓದಿದಾಗ ಚಪ್ಪಾಳೆಯೋ ಚಪ್ಪಾಳೆ.

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ತಲೆ ಬಗ್ಗಿಸಿಕೊಂಡು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದರು. ಆಚೆ ಬಂದ ಮೇಲೆ ಮೆಲ್ಲಗೆ ಕೇಳಿದರು: "ಸಾರ್, ನಿಷೇಧಿಸಲಾಗಿದೆ ಅಂತ ಬರೆದ್ರಲ್ಲ. ನಿಷೇಧಿಸೋಕೆ ನಾವ್ಯಾರು?"

ಈ ಮನುಷ್ಯನಿಗೆ ಭಯ ಅಂದುಕೊಂಡೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ ಅಂತ ಅರ್ಥವಾಗಲು ನನಗೆ ಆರು ವಾರ ಬೇಕಾಯಿತು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರದ್ದೊಂದು, ರಾಜ್ಯದ್ದೊಂದು, ಇಬ್ಬರಿಗೂ ಸೇರಿದ್ದೊಂದು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿಯ 23ನೇ ನಮೂದು. ಮದ್ಯ ರಾಜ್ಯದ ಪಟ್ಟಿಯ 8ನೇ ನಮೂದು: ತಯಾರಿಕೆ, ಸಾಗಣೆ, ಮಾರಾಟ ಎಲ್ಲ ಸೇರಿ. ಪಂಚಾಯಿತಿಗೆ ಇದರಲ್ಲಿ ಪ್ರತ್ಯೇಕ ಪಟ್ಟಿ ಇಲ್ಲ. 73ನೇ ತಿದ್ದುಪಡಿಯಿಂದ ಬಂದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳೇನೋ ಇವೆ. ಕುಡಿಯುವ ನೀರು, ರಸ್ತೆ, ಸಂತೆ, ಪ್ರಾಥಮಿಕ ಶಿಕ್ಷಣ ಎಲ್ಲ ಇದೆ, ಮದ್ಯ ಇಲ್ಲ. ಆ 29ನ್ನೂ ಪಂಚಾಯಿತಿಗೆ ಸಂವಿಧಾನ ನೇರವಾಗಿ ಕೊಟ್ಟಿಲ್ಲ. ರಾಜ್ಯದ ಶಾಸನಸಭೆ ಕಾನೂನು ಮಾಡಿ ಕೊಡಬಹುದು ಎನ್ನುತ್ತದೆ 243ಜಿ ವಿಧಿ. "ಕೊಡಬಹುದು" ಎನ್ನುವ ಆ ಪದದಲ್ಲೇ ಪಂಚಾಯಿತಿಗಳ ಅರ್ಧ ಹಣೆಬರಹ ಇದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಹೆಮ್ಮೆಯಿಂದ ಸೇರಿಸಿದ 47ನೇ ವಿಧಿ ನಿರ್ದೇಶಕ ತತ್ವಗಳಲ್ಲಿ ಒಂದು. ಅವನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗಲಾಗದು ಎಂದು 37ನೇ ವಿಧಿಯೇ ಹೇಳುತ್ತದೆ. ಸರ್ಕಾರಕ್ಕೆ ಒಂದು ಕಡೆ ನಿಷೇಧದ ಕಡೆಗೆ ನಡೆ ಎನ್ನುವ ಬುದ್ಧಿಮಾತು, ಇನ್ನೊಂದು ಕಡೆ ಖಜಾನೆ ತುಂಬುವ ಅಬಕಾರಿ ಸುಂಕ. 2017ರ ಜುಲೈ 1ರಂದೇ ಜಿಎಸ್‌ಟಿ ಬಂದದ್ದು ನೆನಪಿರಬಹುದು. ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟು, ತೆರಿಗೆಯನ್ನು ರಾಜ್ಯಗಳ ಕೈಯಲ್ಲೇ ಬಿಟ್ಟರು. ಬುದ್ಧಿಮಾತು ಗೆಲ್ಲುತ್ತದೋ ಸುಂಕ ಗೆಲ್ಲುತ್ತದೋ ನೀವೇ ಹೇಳಿ.

ಬಾಗಿಲು ಬಾಗಿಲು ಅಲೆದದ್ದು

ನಿರ್ಣಯದ ಪ್ರತಿ ಹಿಡಿದು ಶಾಸಕರ ಹತ್ತಿರ ಹೋದರು. ಅವರು ಕಾಫಿ ಕೊಟ್ಟರು, ಫೋನ್ ಮಾಡುತ್ತೇನೆ ಎಂದರು. ಮಾಡಿರಲೂಬಹುದು. ಶಾಸಕರು ಕಾನೂನು ಮಾಡುವ ಸಭೆಯ ಒಬ್ಬ ಸದಸ್ಯರು. ಲೈಸೆನ್ಸಿಗೆ ಸಹಿ ಹಾಕುವವರು ಅವರಲ್ಲ. ಫೋನಿನ ಭಾರ ಬೇರೆ, ಸಹಿಯ ಭಾರ ಬೇರೆ.

ಡಿಗ್ರಿ ಓದುವ ಹುಡುಗನೊಬ್ಬ ದೆಹಲಿಗೆ, ಪ್ರಧಾನಿಯವರ ಕಚೇರಿಗೆ, ಅರ್ಜಿ ಕಳಿಸಿದ. ಉತ್ತರ ಬಂತು! ಊರೆಲ್ಲ ಸೇರಿ ಓದಿದರು. ಇದು ರಾಜ್ಯಕ್ಕೆ ಸೇರಿದ ವಿಷಯ, ಅರ್ಜಿಯನ್ನು ರಾಜ್ಯ ಸರ್ಕಾರಕ್ಕೆ ಕಳಿಸಲಾಗಿದೆ ಎಂದಿತ್ತು. ಹುಡುಗ ಬೇಜಾರು ಮಾಡಿಕೊಂಡ. ನನಗೆ ಮಾತ್ರ ಅದು ಇಡೀ ಪ್ರಕರಣದಲ್ಲೇ ಪ್ರಾಮಾಣಿಕವಾದ ಕಾಗದ ಅನ್ನಿಸಿತು. ನನ್ನ ಕೈಯಲ್ಲಿಲ್ಲ ಅಂತ ಒಂದು ದೊಡ್ಡ ಕಚೇರಿ ಬರೆದುಕೊಡುವುದು ಕಡಿಮೆ ವಿಷಯವೇ?

ಅದೇ ಹುಡುಗ ಇನ್ನೊಂದು ಸುದ್ದಿ ತಂದ. ಮಹಾರಾಷ್ಟ್ರದಲ್ಲಿ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸಿದ್ದಾರೆ. ಚೀಟಿಯಲ್ಲಿ ನಿಂತ ಬಾಟ್ಲಿ, ಮಲಗಿದ ಬಾಟ್ಲಿ ಎರಡು ಚಿತ್ರ, ಮಲಗಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಬಿದ್ದರೆ ಅಂಗಡಿ ಬಂದ್. ಸುದ್ದಿ ನಿಜವೇ. ಆದರೆ ಅದು ಆ ರಾಜ್ಯ ತನಗೆ ತಾನೇ ಮಾಡಿಕೊಂಡ ಏರ್ಪಾಡು. ಮದ್ಯ ರಾಜ್ಯದ ಪಟ್ಟಿಯಲ್ಲಿ ಇರುವುದರಿಂದಲೇ ಬೆಳಗಾವಿಯ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ಗ್ರಾಮಸಭೆಗೇ ಮದ್ಯ ನಿಲ್ಲಿಸುವ ಅಧಿಕಾರ ಕೊಡಿಸುವ ಕೇಂದ್ರದ ಕಾಯ್ದೆಯೂ ಒಂದಿದೆ, 1996ರ ಪೆಸಾ. ಅದು ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶ ಯಾವುದೂ ಇಲ್ಲ.

ಎರಡನೇ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಗಸರು ನನ್ನ ಮೇಲೇ ತಿರುಗಿ ಬಿದ್ದರು. "ಊರೆಲ್ಲ ಬೇಡ ಅಂದ್ರೂ ತೆರೀತಾರಾ? ಇದು ನಮ್ ಊರಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ಹಿಂದಿನ ಸಾಲಿನಲ್ಲಿ ಕೂತಿದ್ದ, ನಾಲೆಯ ಕೊನೆಭಾಗದಲ್ಲಿ ಗದ್ದೆ ಇರುವ ಒಬ್ಬ ಹಿರಿಯರು. "ಕಾವೇರಿ ನೀರು ಬಿಡಲ್ಲ ಅಂತ ಸರ್ಕಾರನೇ ಕಾನೂನು ಮಾಡ್ಲಿಲ್ವಾ? ಕೋರ್ಟು ಒಪ್ತಾ? ಅಷ್ಟು ದೊಡ್ಡ ಸರ್ಕಾರದ ಮಾತೇ ನಡೀಲಿಲ್ಲ, ಪಂಚಾಯ್ತಿ ಏನ್ ಮಹಾ" ಅಂದರು.

ಸಭೆ ತಣ್ಣಗಾಯಿತು. ಮಂಡ್ಯದಲ್ಲಿ ಈ ಪಾಠಕ್ಕೆ ಪುಸ್ತಕ ಬೇಡ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಲು ಮಧ್ಯಂತರ ಆದೇಶ ಕೊಟ್ಟಿತು. ಒಂದೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ತನ್ನದೇ ವ್ಯಾಜ್ಯದಲ್ಲಿ ರಾಜ್ಯ ತಾನೇ ನ್ಯಾಯಾಧೀಶನಾಗುವಂತಿಲ್ಲ, ಆ ಸುಗ್ರೀವಾಜ್ಞೆ ರಾಜ್ಯದ ಅಧಿಕಾರವನ್ನು ಮೀರಿದ್ದು ಎಂದು ಅದೇ ವರ್ಷದ ನವೆಂಬರ್ 22ರಂದು ಕೋರ್ಟು ಹೇಳಿತು. ಆಗ ಬೀದಿಗಿಳಿದಿದ್ದ ಜನಕ್ಕೆ ಆ ತೀರ್ಪು ರುಚಿಸಲಿಲ್ಲ. ಆದರೆ ಯಾರ ಕೈ ಎಲ್ಲಿಯವರೆಗೆ ಚಾಚುತ್ತದೆ ಅನ್ನುವುದು ಮೈಗೆ ಹತ್ತಿತ್ತು.

ಸಹಿ ಯಾರದು?

ಹೈಕೋರ್ಟಿಗೆ ಹೋಗೋಣ ಎಂದು ಮನೆಗಿಷ್ಟು ಅಂತ ದುಡ್ಡು ಎತ್ತಲು ಶುರು ಮಾಡಿದ್ದರು. ಅದನ್ನು ನಿಲ್ಲಿಸಿದ್ದು ಪಿಡಿಒ. ಇಡೀ ಪ್ರಕರಣದಲ್ಲಿ ಒಳ್ಳೆಯ ತೀರ್ಮಾನ ಅಂದರೆ ಇದೇ. "ಇನ್ನೂ ಯಾರೂ ಆದೇಶವೇ ಕೊಟ್ಟಿಲ್ಲ. ಯಾವುದರ ಮೇಲೆ ಹೋಗ್ತೀರಿ? ಮೊದಲು ಸಹಿ ಯಾರದು ಅಂತ ನೋಡೋಣ" ಎಂದರು.

ಸಹಿ ಜಿಲ್ಲಾಧಿಕಾರಿಯದು. ಅಂಗಡಿಯ ಜಾಗ ಬದಲಿಸುವ ಅರ್ಜಿ ಅಬಕಾರಿ ಇಲಾಖೆಯ ಸ್ಥಳ ತನಿಖೆ ವರದಿಯೊಂದಿಗೆ ಅವರ ಮುಂದೆ ಹೋಗುತ್ತದೆ. ಅವರೂ ಮನಸ್ಸಿಗೆ ಬಂದಂತೆ ಸಹಿ ಹಾಕುವಂತಿಲ್ಲ. ಶಾಸನಸಭೆ 1965ರ ಅಬಕಾರಿ ಕಾಯ್ದೆ ಮಾಡಿದೆ. ಅದರಡಿ ಸರ್ಕಾರ 1967ರಲ್ಲಿ ಲೈಸೆನ್ಸುಗಳ ಸಾಮಾನ್ಯ ಷರತ್ತುಗಳ ನಿಯಮ ಮಾಡಿದೆ. ಅದರ 5ನೇ ನಿಯಮದ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆ ಮುಂತಾದವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಕೊಡುವಂತಿಲ್ಲ. ಕೊಡುವ ಕೈಯನ್ನೂ ಆ 100 ಮೀಟರ್ ಕಟ್ಟಿಹಾಕಿದೆ.

ಇನ್ನೊಂದು ಮಾತು. ಅಂಗಡಿ ಮಾಲೀಕನೂ ಏನೂ ತಪ್ಪು ಮಾಡಿರಲಿಲ್ಲ. ಶುಲ್ಕ ಕಟ್ಟಿದ್ದ, ಕೋರ್ಟಿನ ಆದೇಶದಿಂದ ಜಾಗ ಕಳೆದುಕೊಂಡಿದ್ದ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಖೋಡೇ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಅದು ನಮ್ಮ ರಾಜ್ಯದ್ದೇ ಪ್ರಕರಣ. ಹಾಗಂತ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಸುಮ್ನೆ ಇಲ್ಲ ಅನ್ನುವುದಕ್ಕೂ ಬರುವುದಿಲ್ಲ. ಊರಿಗೆ ಇಷ್ಟವಿಲ್ಲ ಅನ್ನುವುದೊಂದೇ ಕಾರಣ ಸಾಲದು. ನಿಯಮದೊಳಗಿನ ಕಾರಣ ಬೇಕು.

ಇಲಾಖೆಯ ಸ್ಕೆಚ್ಚಿನ ಪ್ರತಿ ಸಿಕ್ಕಿತು. ಆಲೆಮನೆಯಿಂದ ಶಾಲೆಗೆ 137 ಮೀಟರ್ ಎಂದಿತ್ತು. ಹುಡುಗರು ಮೊಬೈಲ್ ಮ್ಯಾಪಿನಲ್ಲಿ ಗೆರೆ ಎಳೆದು 58 ಮೀಟರ್ ಎಂದು ಕುಣಿದಾಡಿದರು. ಎರಡೂ ಉಪಯೋಗವಿಲ್ಲ ಎಂದು ತೋರಿಸಿದವರು ಅಬಕಾರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಒಬ್ಬರು. ನಿಯಮದಲ್ಲೇ ಅಳತೆಯ ವಿಧಾನ ಬರೆದಿದೆ. ಅಂಗಡಿ ಬಾಗಿಲಿನ ನಟ್ಟನಡುವಿನಿಂದ ಶುರು ಮಾಡಬೇಕು. ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ನಟ್ಟನಡುವಿಗೆ ಮುಗಿಸಬೇಕು. ಕಾಗೆ ಹಾರುವ ದಾರಿ ಲೆಕ್ಕಕ್ಕಿಲ್ಲ.

"ಹತ್ತಿರದ ಗೇಟು" ಅನ್ನುವ ಮಾತು ಬಂದಾಗ ಮುಖ್ಯಶಿಕ್ಷಕರು ಎದ್ದು ನಿಂತರು. "ಹಿಂದುಗಡೆ ಒಂದು ಗೇಟಿದೆಯಲ್ಲ! ಬಿಸಿಯೂಟದ ಸಿಲಿಂಡರ್ ಬರೋದೇ ಅಲ್ಲಿಂದ." ಸ್ಕೆಚ್ಚಿನಲ್ಲಿ ಇದ್ದದ್ದು ಮುಂದಿನ ಗೇಟು ಮಾತ್ರ.

ಮೂವತ್ತು ಮೀಟರ್ ಟೇಪು

ಅಳೆದದ್ದು ಒಂದು ಭಾನುವಾರ ಬೆಳಿಗ್ಗೆ. ಗಾರೆ ಮೇಸ್ತ್ರಿಯಿಂದ 30 ಮೀಟರ್ ಟೇಪು ತಂದಿದ್ದರು. ಅಧ್ಯಕ್ಷೆ ಒಂದು ಹಟ ಹಿಡಿದರು. ಅಂಗಡಿಯವರ ಕಡೆಯವರೂ ಇರಬೇಕು. ಹುಡುಗರಿಗೆ ಇಷ್ಟವಿರಲಿಲ್ಲ. "ನಾವೇ ಅಳೆದ್ರೆ ನಾವೇ ನಂಬಬೇಕು" ಎಂದರು ಅಧ್ಯಕ್ಷೆ. ಮಾಲೀಕನ ಭಾಮೈದ ಬಂದ. ಟೇಪಿನ ಒಂದು ತುದಿ ಅವನ ಕೈಗೇ ಕೊಟ್ಟರು.

ಶಟರಿನ ಅಗಲ ಅಳೆದು ನಡುವಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ಅಲ್ಲಿಂದ ಓಣಿಗೆ. ಮೊದಲ 30 ಮುಗಿದದ್ದು ಒಂದು ಕೊಟ್ಟಿಗೆಯ ಮುಂದೆ. ಎರಡನೇ 30 ಬೋರ್‌ವೆಲ್ ಕಟ್ಟೆಯ ಹತ್ತಿರ. ಟೇಪಿನ ಮೇಲೆ ಒಂದು ಕೋಳಿ ನಡೆದು ಹೋಯಿತು, ಯಾರೂ ನಗಲಿಲ್ಲ. ಮೂರನೇ ಸಲ ಟೇಪು ಪೂರ್ತಿ ಬಿಚ್ಚಲೇ ಇಲ್ಲ. ಹದಿನಾಲ್ಕು ಮೀಟರಿಗೆ ಗೇಟಿನ ನಡುವೆ ಬಂದು ನಿಂತಿತು. ಒಟ್ಟು 74. ಆ ಭಾಮೈದ ಟೇಪಿನ ಅಂಕಿ ನೋಡಿದ, ಗೇಟು ನೋಡಿದ, ಫೋನ್ ತೆಗೆದುಕೊಂಡು ಆಚೆ ಹೋದ.

ಮಾಲೀಕನ ಉತ್ತರ ಎರಡು ದಿನದಲ್ಲಿ ಬಂತು. ಅದು ಗೇಟಲ್ಲ, ಒಡೆದ ಗೋಡೆಗೆ ಇತ್ತೀಚೆಗೆ ಸಿಕ್ಕಿಸಿದ ಕಬ್ಬಿಣ. ಅದು ಜನರ ದಾರಿಯೂ ಅಲ್ಲ, ಬದು. ಜಾಣ ಉತ್ತರವೇ. ನಿಯಮದ ಎರಡು ಪದಗಳಿಗೂ ಸರಿಯಾಗಿ ಕೈ ಹಾಕಿದ್ದ.

ಆಗ ಪಂಚಾಯಿತಿಯ ನಿಜವಾದ ಶಕ್ತಿ ಆಚೆ ಬಂತು. ಅದು ಇದ್ದದ್ದು ಚಪ್ಪಾಳೆ ಗಿಟ್ಟಿಸಿದ ನಿರ್ಣಯದಲ್ಲಲ್ಲ, ಕಚೇರಿಯ ಬೀರುವಿನಲ್ಲಿ. ಪಿಡಿಒ ಮತ್ತು ಬಿಲ್ ಕಲೆಕ್ಟರ್ ಒಂದು ಮಧ್ಯಾಹ್ನ ಧೂಳು ಕುಡಿದು ಎರಡು ಕಡತ ತೆಗೆದರು. ಒಂದರಲ್ಲಿ ಶಾಲೆಯ ಹಿಂಬದಿ ಗೇಟಿಗೆ 2011–12ರಲ್ಲಿ ಕೊಟ್ಟ ದುಡ್ಡಿನ ಬಿಲ್ಲು, ವೆಲ್ಡಿಂಗ್ ಅಂಗಡಿಯ ರಸೀದಿ ಸಮೇತ. ಇನ್ನೊಂದರಲ್ಲಿ ಅದೇ ಓಣಿಗೆ ಸಿಮೆಂಟ್ ರಸ್ತೆ ಹಾಕಿದ ಅಳತೆ ಪುಸ್ತಕ. ಬದುವಿಗೆ ಯಾರಾದರೂ ಸಿಮೆಂಟ್ ಹಾಕುತ್ತಾರಾ?

ಗೇಟಿನ ದುಡ್ಡು 13ನೇ ಹಣಕಾಸು ಆಯೋಗದ ಅನುದಾನದ್ದು. ಹಣಕಾಸು ಆಯೋಗವನ್ನು ಹೇಳುವ 280ನೇ ವಿಧಿಗೆ ಪಂಚಾಯಿತಿಗಳ ಮಾತು ಸೇರಿದ್ದು 73ನೇ ತಿದ್ದುಪಡಿಯಲ್ಲಿ. ನಿಷೇಧದ ಅಧಿಕಾರ ಕೊಡದ ಅದೇ ತಿದ್ದುಪಡಿ ಗೇಟು ಕೊಟ್ಟಿತ್ತು. ಇದನ್ನು ಹೇಳಿದರೆ ತರಬೇತಿಯಲ್ಲಿ ಮಲಗಿದವರೂ ಎದ್ದು ಕೂರುತ್ತಾರೆ.

ಏನಾಯಿತು

ಹೊಸ ಅರ್ಜಿ ಒಂದೇ ಪುಟ. 47ನೇ ವಿಧಿ ಇಲ್ಲ, ಭಾಷಣ ಇಲ್ಲ. ಸ್ಕೆಚ್ಚಿನಲ್ಲಿ ಹತ್ತಿರದ ಗೇಟು ಬಿಟ್ಟುಹೋಗಿದೆ, 5ನೇ ನಿಯಮದಂತೆ ಎರಡೂ ಕಡೆಯವರ ಎದುರು ಮತ್ತೆ ಅಳೆಯಿರಿ, ಅಷ್ಟೇ. ಜೊತೆಗೆ ಎರಡು ಕಡತದ ನಕಲು. ಹಳೆ ನಿರ್ಣಯವನ್ನು ಬದಲಿಸಿ "ನಿಷೇಧಿಸಲಾಗಿದೆ" ಇದ್ದ ಕಡೆ "ಲೈಸೆನ್ಸ್ ನೀಡಬಾರದೆಂದು ಕೋರಲಾಗಿದೆ" ಎಂದು ಬರೆದರು. ಈ ಸಲ ಬರೆದವರು ಪಿಡಿಒ.

ಮರು ತನಿಖೆ ಆಯಿತು, ಮಹಜರ್ ಆಯಿತು. ಅಳತೆ ನಮ್ಮದಕ್ಕಿಂತ ಕೆಲವೇ ಸೆಂಟಿಮೀಟರ್ ಆಚೀಚೆ. ಮಾಲೀಕನ ಮಾತನ್ನೂ ಕೇಳಿದರು. ಜೂನ್ ಮುಗಿಯುವ ಮೊದಲು ಆಲೆಮನೆಗೆ ಅನುಮತಿ ಇಲ್ಲ ಎಂದು ಆದೇಶ ಬಂತು. ಕಾರಣ ಒಂದೇ ಸಾಲು: 100 ಮೀಟರ್ ಒಳಗಿದೆ. ಗ್ರಾಮಸಭೆಯ ವಿರೋಧವನ್ನು "ಗಮನಿಸಲಾಗಿದೆ" ಎಂದಿತ್ತು.

ಆ "ಗಮನಿಸಲಾಗಿದೆ" ನೋಡಿ ಕೆಲವರಿಗೆ ಕೋಪ ಬಂತು. ನನಗೆ 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆ ನೆನಪಾಯಿತು. ಆಗ ಅಲ್ಲಿಯ ಸದಸ್ಯರು ಕುಂದುಕೊರತೆ ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಮದ್ಯದ ಮಟ್ಟಿಗೆ ನಮ್ಮ ಗ್ರಾಮಸಭೆ ಇನ್ನೂ ಅಲ್ಲೇ ಇದೆ. ಇದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಇದನ್ನು ಬದಲಿಸಬೇಕಾದ ಜಾಗ ವಿಧಾನಸಭೆ, ಅಲ್ಲಿಗೆ ಒಯ್ಯಬೇಕಾದದ್ದು ಬೇರೆ ಅರ್ಜಿ.

ಗೆಲುವು ಪೂರ್ತಿ ಸಿಹಿಯೇನಲ್ಲ. ಅಂಗಡಿ ಎರಡು ಕಿಲೋಮೀಟರ್ ದೂರದ ಪಕ್ಕದ ಪಂಚಾಯಿತಿಯಲ್ಲಿ ತೆರೆಯಿತು. ಆ ಜಾಗದ 100 ಮೀಟರ್ ಒಳಗೆ ಶಾಲೆ ಇರಲಿಲ್ಲ, ಇದ್ದದ್ದು ಹಿಪ್ಪುನೇರಳೆ ತೋಟ ಮತ್ತು ನಾಲ್ಕು ಮನೆ. ಆ ಮನೆಗಳ ಹೆಂಗಸರು ನಮ್ಮ ಅಧ್ಯಕ್ಷೆಯನ್ನು ಸಂತೆಯಲ್ಲಿ ನಿಲ್ಲಿಸಿ ಕೇಳಿದರಂತೆ, "ನಿಮ್ ಪೀಡೆ ನಮ್ಗೆ ದಾಟಿಸಿದ್ರಲ್ಲ" ಅಂತ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಜಾಗಗಳಿಗೆ ವಿನಾಯಿತಿ ಕೊಡುವ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ಆಮೇಲೆ ಅಂಗಡಿ ಮತ್ತೆ ಹೆದ್ದಾರಿ ಹತ್ತಿರ ಹೋಯಿತು. ನಮ್ಮ ಊರಿನಲ್ಲೂ ಪೆಟ್ಟಿಗೆ ಅಂಗಡಿಯ ಹಿಂದೆ ಕದ್ದು ಮಾರುವುದು ಮುಂಚೆಯೂ ಇತ್ತು, ಈಗಲೂ ಇದೆ.

ಇಂಥ ಪ್ರಕರಣ ಕೈಗೆ ಬಂದವರಿಗೆ ನಾನು ಹೇಳುವುದು ಹೆಚ್ಚಿಲ್ಲ. ಮೊದಲ ದಿನವೇ ಸಹಿ ಯಾರದು ಎಂದು ಕೇಳಿ. ಆ ಸಹಿಯನ್ನು ಯಾವ ನಿಯಮ ಕಟ್ಟಿದೆ ಎಂದು ಆಮೇಲೆ ಕೇಳಿ. ನಿಯಮವನ್ನು ಪೂರ್ತಿ ಓದಿ, ಅಳತೆಯ ವಿವರಣೆ ಕೊನೆಯಲ್ಲಿ ಇರುತ್ತದೆ. ಎದುರಿನವರಿಗೆ ಟೇಪಿನ ಒಂದು ತುದಿ ಕೊಡಿ. ಕೋರ್ಟಿಗೆ ಹೋಗುವ ದುಡ್ಡನ್ನು ಆದೇಶ ಬರುವವರೆಗೆ ಎತ್ತಬೇಡಿ. ಮತ್ತೆ ನನ್ನಂಥವರು ಕರಡು ಬರೆದುಕೊಟ್ಟರೆ, ಕ್ರಿಯಾಪದ ನೋಡಿ ಸಹಿ ಹಾಕಿ.

ಹೋದ ವರ್ಷ ಆ ಊರಿಗೆ ಹೋಗಿದ್ದೆ. ಹಿಂಬದಿ ಗೇಟಿನಿಂದ ಮಕ್ಕಳು ಓಣಿಗೆ ಓಡುತ್ತಾರೆ, ಬೈಕುಗಳು ಜೋರಾಗಿ ಬರುತ್ತವೆ, ಅದನ್ನು ಮುಚ್ಚಿ ಗೋಡೆ ಕಟ್ಟಿಬಿಡೋಣ ಎಂದು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಮಾತಾಗಿತ್ತು. ಅಧ್ಯಕ್ಷೆ ಈಗ ಮಾಜಿ, ಆದರೆ ಸಭೆಗೆ ಹೋಗಿ ಬೇಡ ಎಂದು ಬಂದಿದ್ದರು. ಗೇಟಿಗೆ ಹೊಸ ಚಿಲಕ ಹಾಕಿಸಿದ್ದರು, ಹಸಿರು ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಆಲೆಮನೆಯ ಶಟರ್ ಹಾಗೇ ಇದೆ, ಬಾಡಿಗೆಗೆ ಇದೆ ಎಂದು ಬೋರ್ಡು ನೇತಾಡುತ್ತಿದೆ. "ಗೇಟಿಗೆ ಪ್ರತಿ ವರ್ಷ ಜೂನಲ್ಲಿ ಬಣ್ಣ ಹೊಡೆಸ್ತೀನಿ" ಎಂದರು ಮಾಜಿ ಅಧ್ಯಕ್ಷೆ.